ನಾಜಲ್ ಮುಟ್ಟಿ ನೋಡುತ್ತಿದ್ದ ಬೆರಳು

ಲಾರಿ ಇಟ್ಟವರಿಗೆ ಒಂದು ಹುಚ್ಚಿದೆ. ನಾಜಲ್ಲಿನ ತೂತು ದೊಡ್ಡದಾದರೆ ಗಾಡಿಗೆ ಶಕ್ತಿ ಬರುತ್ತದೆ ಎಂದು ಯಾವನೋ ಡ್ರೈವರ್ ಹೇಳಿರುತ್ತಾನೆ, ಇವರು ನಂಬಿಕೊಂಡು ನಮ್ಮ ಅಂಗಡಿಗೆ ಬಂದುಬಿಡುತ್ತಾರೆ. ಹೊಸಕೋಟೆಯಲ್ಲಿ ಹಳೇ ಮದ್ರಾಸ್ ರಸ್ತೆಯ ಪಕ್ಕದಲ್ಲಿರುವ ಅಂಗಡಿ ಅದು. ಡೀಸೆಲ್ ಪಂಪು, ಇಂಜೆಕ್ಟರುಗಳ ರಿಪೇರಿ ನಮ್ಮ ಕೆಲಸ. ಅಂಗಡಿ ನನಗೆ ಕಸುಬು ಕಲಿಸಿದ ಉಸ್ತಾದರದು. ನಾನು ಸೇರಿ ಹದಿನೇಳು ವರ್ಷವಾಗಿತ್ತು, ಮದುವೆಯಾಗಿ ಎರಡು ಮಕ್ಕಳಾಗಿದ್ದವು. ಆದರೂ ಉಸ್ತಾದರು ಎದುರಿಗಿದ್ದಾಗ ಹೊರಗಿನವರು ಏನೇ ಕೇಳಲಿ, ನಾನು ಬಾಯಿ ಹಾಕುತ್ತಿರಲಿಲ್ಲ. ಹಾಗಿರಬೇಕೆಂದು ಅವರು ಯಾವತ್ತೂ ಹೇಳಿದವರಲ್ಲ. ಕಸುಬಿನಲ್ಲಿ ಅದು ಹಾಗೇ ನಡೆದುಬಂದಿತ್ತು.

ನಾಜಲ್ ಅಂದರೆ ಕಿರುಬೆರಳಿನಷ್ಟು ಉದ್ದದ ಉಕ್ಕಿನ ತುಂಡು. ಎಂಜಿನ್ನಿನೊಳಕ್ಕೆ ಡೀಸೆಲ್ ಚಿಮ್ಮಿಸುವುದು ಅದೇ. ತುದಿಯಲ್ಲಿ ಐದೋ ಆರೋ ತೂತುಗಳು, ಕಣ್ಣು ಕಿರಿದು ಮಾಡಿ ನೋಡಿದರಷ್ಟೇ ಕಾಣುತ್ತವೆ. ಒಂದೇ ಬಗೆಯ ಎಂಜಿನ್ ಇರುವ ಗಾಡಿಗಳಿಗೂ ಒಂದೇ ನಾಜಲ್ ಆಗಿಬರುವುದಿಲ್ಲ. ಹೆದ್ದಾರಿಯಲ್ಲಿ ಒಂದೇ ಸಮನೆ ಓಡುವ ಹಾಲಿನ ಟ್ಯಾಂಕರಿಗೆ ಸಣ್ಣ ತೂತಿನದು ಸಾಕು. ಟರ್ಬೊ ಇರುವ ಜಲ್ಲಿ ಟಿಪ್ಪರು ಗಾಳಿ ಜಾಸ್ತಿ ಎಳೆದುಕೊಳ್ಳುವುದರಿಂದ ಸ್ವಲ್ಪ ದೊಡ್ಡದನ್ನು ತಡೆದುಕೊಳ್ಳುತ್ತದೆ. ಅದನ್ನೇ ಟರ್ಬೊ ಇಲ್ಲದ ಹಳೇ ನೀರಿನ ಟ್ಯಾಂಕರಿಗೆ ಹಾಕಿದರೆ ಕರಿ ಹೊಗೆ ಕಾರಿ, ಪಿಸ್ಟನ್ ಸುಟ್ಟುಕೊಂಡು ರಸ್ತೆಯಲ್ಲಿ ಕೂರುತ್ತದೆ. ಇದನ್ನು ಗಿರಾಕಿಗೆ ತಿಳಿಸಲು ಉಸ್ತಾದರ ಬಳಿ ಒಂದೇ ಮಾತಿತ್ತು.

“ಒಲೆಗೆ ಸೌದೆ ತುರುಕಿದ್ರೆ ಅನ್ನ ಬೇಗ ಆಗಲ್ಲ ಕಣಪ್ಪಾ. ಮನೆಯೋರೆಲ್ಲಾ ಕೆಮ್ತಾರೆ ಅಷ್ಟೆ.”

ನಾಜಲ್ ನೋಡುವುದಕ್ಕೆ ಒಂದು ಕೈಪಂಪು ಇದೆ. ನಾಜಲ್ ಕೂರಿಸಿದ ಇಂಜೆಕ್ಟರನ್ನು ಅದಕ್ಕೆ ಸಿಕ್ಕಿಸಿ ಪಂಪಿನ ಸನ್ನೆಕೋಲು ಒತ್ತಿದರೆ ಡೀಸೆಲ್ ಮಂಜಿನಂತೆ ಹಾರುತ್ತದೆ. ಕೆಳಗೆ ಹಳೇ ಪೇಪರ್ ಹಿಡಿದರೆ ತೂತಿಗೊಂದು ಕಲೆ ಮೂಡುತ್ತದೆ. ಕಲೆಗಳು ಸಮನಾಗಿದ್ದರೆ ನಾಜಲ್ ಚೆನ್ನಾಗಿದೆ ಎಂದು ಲೆಕ್ಕ. ಉಸ್ತಾದರಿಗೆ ಅಷ್ಟು ಸಾಲದು. ಪ್ರತಿ ಸಲ ನಾನು ಒತ್ತಿ ಬಿಟ್ಟ ಮೇಲೆ ಅವರು ತೋರುಬೆರಳಿನಿಂದ ನಾಜಲ್ಲಿನ ತುದಿ ಮುಟ್ಟುತ್ತಿದ್ದರು. ಒದ್ದೆಯಿದ್ದರೆ ಒಳಗೆ ಸೋರುತ್ತಿದೆ, ಒಣಗಿದ್ದರೆ ಸರಿ. ಮುಟ್ಟಿ, ಬೆರಳು ತೆಗೆದು, ‘ಹ್ಞೂಂ’ ಅನ್ನುವರು. ಆಮೇಲೆ ನಾನು ಮತ್ತೆ ಒತ್ತಬೇಕು. ಬೇರೆ ಯಾರಾದರೂ ಅಲ್ಲಿ ಬೆರಳಿಟ್ಟರೆ ಬೈದು ಅಟ್ಟುತ್ತಿದ್ದರು. ಡೀಸೆಲ್ಲು ಚರ್ಮ ತೂರಿ ಒಳಗೆ ಹೋಗುತ್ತದೆ ಎಂದು ನನಗೆ ಕಲಿಸಿದವರೂ ಅವರೇ.

ಆವತ್ತು ಬಂದವನು ಬೂದಿಗೆರೆ ಕಡೆಯ ಟಿಪ್ಪರ್ ಮಾಲೀಕ. ಅಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟುಗಳಿಗೆ ಜಲ್ಲಿ ಹೊಡೆಯುತ್ತಿದ್ದ. ಎಲ್ಲಿಂದಲೋ ಆರು ದೊಡ್ಡ ನಾಜಲ್ ತಂದಿದ್ದ. ತನ್ನ ಗಾಡಿಯ ಹಳೆಯ ಆರನ್ನೂ ಬಿಚ್ಚಿಸಿಕೊಂಡು ಬಂದಿದ್ದ. ಎರಡನ್ನೂ ಪಕ್ಕಪಕ್ಕದಲ್ಲಿ ತೋರಿಸಿ ಎಂದು ಹಟ ಹಿಡಿದು ಕೂತ. ಉಸ್ತಾದರೂ ಒಪ್ಪಿದರು. ಒಂದು ಹಳೆಯದು, ಒಂದು ಹೊಸದು ಎಂದು ಬದಲಿಸಿ ಬದಲಿಸಿ ಹಾಕುತ್ತಾ ಬಂದೆವು. ದೊಡ್ಡ ನಾಜಲ್ಲಿನ ಕಲೆಗಳು ದಪ್ಪಗೆ ಬಂದು ಪೇಪರ್ ತೊಯ್ದುಹೋಗುತ್ತಿತ್ತು.

ನಾಲ್ಕನೆಯ ಜೋಡಿಯ ಹೊತ್ತಿಗೆ ಮಾಲೀಕ ನನ್ನ ಕಡೆ ತಿರುಗಿದ.

“ಗುರು, ನೀನ್ ಹೇಳು. ನಿನ್ ಗಾಡಿ ಆಗಿದ್ರೆ ಯಾವ್ದು ಹಾಕ್ತಿದ್ದೆ?”

ಉತ್ತರ ಕೊಡುವವನಲ್ಲ ನಾನು. ಸುಮ್ಮನೆ ಅವನ ಕಡೆ ನೋಡಿ ನಕ್ಕೆ. ನಗುತ್ತಲೇ ಸನ್ನೆ ಒತ್ತಿದೆ. ‘ಹ್ಞೂಂ’ ಇನ್ನೂ ಬಂದಿರಲಿಲ್ಲ.

ಉಸ್ತಾದರು ಕೈ ಹಿಂದಕ್ಕೆ ಎಳೆದುಕೊಂಡರು. ಕೂಗಲಿಲ್ಲ. ಬೆರಳಿನ ಮೊದಲ ಗೆಣ್ಣಿನ ಹತ್ತಿರ ಸೂಜಿ ತಾಗಿದಷ್ಟು ಗುರುತು, ರಕ್ತವೂ ಇಲ್ಲ. ಬಟ್ಟೆಯಲ್ಲಿ ಒರೆಸಿಕೊಂಡು ‘ನಡಿ, ಉಳಿದದ್ದು ಹಾಕು’ ಅಂದರು. ಉಳಿದ ಎರಡು ಜೋಡಿಯನ್ನೂ ಮುಗಿಸಿದೆವು. ಹಳೆಯದನ್ನೇ ಹಾಕಿಕೋ ಎಂದು ಮಾಲೀಕನಿಗೆ ಹೇಳಿ ಕಳಿಸಿದರು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನ ಊಟದ ಹೊತ್ತಿಗೆ ಬೆರಳು ಜೋಮು ಹಿಡಿದಿದೆ ಅಂದರು. ರಸ್ತೆ ದಾಟಿದರೆ ಒಂದು ಕ್ಲಿನಿಕ್ ಇದೆ, ನಾನೇ ಕರೆದುಕೊಂಡು ಹೋದೆ. ಇನ್ನೂ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಏನಾಯಿತು ಎಂದು ಕೇಳಿದರು.

“ತಂತಿ ಚುಚ್ತಮ್ಮಾ,” ಅಂದರು ಉಸ್ತಾದರು.

ಡಾಕ್ಟರಮ್ಮ ಬೆರಳನ್ನು ಒತ್ತಿ ನೋಡಿದರು. ಗಾಯಕ್ಕೂ ಊತಕ್ಕೂ ತಾಳೆಯಾಗಲಿಲ್ಲವೋ ಏನೋ, ನನ್ನ ಕಡೆ ನೋಡಿದರು.

“ನೀವೂ ಅಲ್ಲೇ ಇದ್ರಾ? ತಂತೀನೇನಾ?”

ನಾನು ತಲೆಯಾಡಿಸಿದೆ. ಹೌದು ಎಂದು.

ಅವರು ಟಿಟಿ ಇಂಜೆಕ್ಷನ್ ಹಾಕಿದರು, ಮೂರು ದಿನಕ್ಕೆ ಮಾತ್ರೆ ಬರೆದರು. ಅವರದೇನೂ ತಪ್ಪಿರಲಿಲ್ಲ. ತಂತಿ ಚುಚ್ಚಿದವನಿಗೆ ಏನು ಮಾಡಬೇಕೋ ಅದನ್ನು ಮಾಡಿದರು.

ಮರುದಿನ ಬೆಳಿಗ್ಗೆ ಉಸ್ತಾದರ ಹೆಂಡತಿ ಫೋನ್ ಮಾಡಿದರು. ಹೋಗಿ ನೋಡಿದರೆ ಅಂಗೈ ಪೂರಾ ಊದಿತ್ತು, ಬೆರಳು ಬಿಳಿಚಿಕೊಂಡು ತುದಿಯಲ್ಲಿ ಕಪ್ಪಗಾಗುತ್ತಿತ್ತು. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿಯ ಸರ್ಜನ್ ನನ್ನೊಬ್ಬನನ್ನೇ ಹೊರಗೆ ಕರೆದು ಕೇಳಿದಾಗ ನಿಜ ಹೇಳಿದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಡೀಸೆಲ್ ಒಳಗೆ ಹೋದರೆ ನರದ ಜಾಡು ಹಿಡಿದು ಅಂಗೈವರೆಗೂ ಇಳಿಯುತ್ತದೆ, ಇಳಿದ ಕಡೆಯೆಲ್ಲಾ ಮಾಂಸ ಸಾಯುತ್ತದೆ, ಆದ ಕೂಡಲೇ ಕೊಯ್ದು ತೊಳೆಯಬೇಕು ಎಂದು ಹೇಳಿದರು.

“ನಿನ್ನೆ ಮಧ್ಯಾಹ್ನ ಹೇಳಿದ್ರೂ ಬೆರಳು ಉಳಿಯೋ ಸಾಧ್ಯತೆ ಇತ್ತು. ಈಗ ಅಂಗೈ ಉಳಿದ್ರೆ ಸಾಕು ಅಂತ ನೋಡ್ತೀವಿ.”

ಮೂರು ಸಲ ಕೊಯ್ದರು. ತೋರುಬೆರಳು ಬುಡದಿಂದ ಹೋಯಿತು. ಪಕ್ಕದ ಬೆರಳು ಉಳಿಯಿತು, ಆದರೆ ಮಡಚುವುದಿಲ್ಲ. ನಾಜಲ್ಲಿನೊಳಗಿನ ಸೂಜಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಅದು ತನ್ನ ಭಾರಕ್ಕೆ ತಾನೇ ಜಾರುವುದನ್ನು ನೋಡಿ ಒಳ್ಳೆಯದು ಕೆಟ್ಟದ್ದು ಹೇಳುತ್ತಿದ್ದ ಕೈ ಅದು. ಬ್ಯಾಂಡೇಜ್ ಬದಲಿಸುವಾಗ ನಾನು ಗೋಡೆ ಕಡೆ ನೋಡುತ್ತಿದ್ದೆ.

ಆಸ್ಪತ್ರೆಯಲ್ಲೇ ಒಂದು ದಿನ, ಯಾರೂ ಇಲ್ಲದಾಗ, ತಂತಿ ಅಂತ ಯಾಕೆ ಅಂದ್ರಿ ಎಂದು ಕೇಳಿದೆ.

“ನಲವತ್ತು ವರ್ಷ ಕಂಡೋರ್ಗೆಲ್ಲಾ ಬೆರಳು ಇಡ್ಬೇಡಿ ಅಂದ್ಕೊಂಡು ಬಂದೋನು ನಾನು. ಆ ಡಾಕ್ಟ್ರು ಮಗು ಹತ್ರ ಏನಂತ ಹೇಳ್ಲಿ?” ಅಂದರು. “ಆಮೇಲೆ ಪಂಪು ಒತ್ತಿದ್ಯಾರು ಅಂತ ಕೇಳೋಳು,” ಅಂದು ಆ ಕಡೆ ಹೊರಳಿಕೊಂಡರು.

ಅವರಿಗೆ ಮಾನ ಅಡ್ಡ ಬಂತು, ಸರಿ. ನನಗೇನು ಅಡ್ಡ ಬಂದಿತ್ತು? ಉಸ್ತಾದರ ಮಾತಿಗೆ ಎದುರಾಡಬಾರದು ಎಂಬ ಮರ್ಯಾದೆ ಎಂದು ನನಗೆ ನಾನೇ ಎಷ್ಟೋ ದಿನ ಸಮಾಧಾನ ಹೇಳಿಕೊಂಡೆ. ಅದು ಅರ್ಧ ಸುಳ್ಳು. ಒತ್ತಿದವನು ನಾನೆಂದು ಎಲ್ಲೂ ಬರದಿರಲಿ ಎಂಬ ಹೇಡಿತನ ಉಳಿದರ್ಧ.

ಅವರು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನೋಡಲು ಹೋದೆ. ಎಡಗೈಯಲ್ಲಿ ಮಾತ್ರ ಉಣ್ಣುವುದಿಲ್ಲ ಎಂದು ಉಸ್ತಾದರದು ಹಟ. ಹೆಂಡತಿ ಪಕ್ಕದಲ್ಲಿ ಕೂತು ಅನ್ನ ಕಲಸಿ ತುತ್ತು ಕೊಡುತ್ತಿದ್ದರು. ಉಸ್ತಾದರು ಯಾರನ್ನೂ ನೋಡದೆ ಬಾಯಿ ತೆರೆಯುತ್ತಿದ್ದರು. ನನಗೆ ಅಲ್ಲಿ ಕೂರಲಾಗಲಿಲ್ಲ, ಬರ್ತೀನಿ ಎಂದು ಎದ್ದೆ. ಆಕೆ ಕೈ ತೊಳೆದುಕೊಂಡು ಬಾಗಿಲವರೆಗೂ ಬಂದರು.

“ಆ ಕ್ಲಿನಿಕ್ಕಲ್ಲಿ ನೀನೂ ಇದ್ದೆ ಅಲ್ವಾ?”

“ಇದ್ದೆ ಅಮ್ಮಾ.”

“ಇವ್ರು ತಂತಿ ಅಂದ್ರಂತೆ. ಇವ್ರ ಬುದ್ಧಿ ನಂಗೊತ್ತು. ಆ ಡಾಕ್ಟ್ರು ನಿನ್ನ ಏನೂ ಕೇಳ್ಲಿಲ್ವಾ?”

ಹೇಳಬೇಕು ಅಂದುಕೊಂಡೆ, ಇವತ್ತಾದರೂ ಹೇಳಿಬಿಡಬೇಕು. ಅಷ್ಟರಲ್ಲಿ ಒಳಗಿನಿಂದ ಉಸ್ತಾದರ ದನಿ ಬಂತು.

“ಅವನ್ನ ಹೊರಗೆ ಕೂರ್ಸಿದ್ರು. ಅವನ್ನ ಯಾರೂ ಏನೂ ಕೇಳ್ಲಿಲ್ಲ.”

ಆಕೆ ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿ ಚಪ್ಪಲಿ ಹುಡುಕಿದೆ.

“ಹಂಗಾದ್ರೆ ನಿಂದೇನು ತಪ್ಪು ಬಿಡಪ್ಪಾ,” ಎಂದು ನನ್ನ ತೋಳು ಸವರಿದರು. “ಬಾ, ಊಟದ ಹೊತ್ತಲ್ಲಿ ಹಂಗೇ ಹೋಗ್ಬಾರ್ದು.”

ಬಿಚ್ಚಿಟ್ಟ ಚಪ್ಪಲಿ ಹಾಗೇ ಇತ್ತು. ಒಳಗೆ ಹೋದೆ. ಉಸ್ತಾದರ ಎದುರಿಗೇ ತಟ್ಟೆ ಇಟ್ಟು ಬಡಿಸಿದರು. ಐದೂ ಬೆರಳಿನಿಂದ ಕಲಸಿಕೊಂಡು ಉಂಡೆ.