ಎರಡು ವಾರ ಮಾತ್ರ

ಬೆಳಗಿನ ಆರೂವರೆ. ಕಾವಲುಗಾರ ಇನ್ನೂ ಕಣ್ಣುಜ್ಜಿಕೊಳ್ಳುತ್ತಿದ್ದಾನೆ; ಆಕೆ ಆಗಲೇ ನೆಲಮಾಳಿಗೆಗೆ ಇಳಿದು ದಾಖಲೆ ಕೋಣೆಯ ಬೀಗ ತೆಗೆದಾಗಿದೆ. ಟ್ಯೂಬ್‌ಲೈಟು ಎರಡು ಸಲ ಮಿಟುಕಿ ಹತ್ತಿಕೊಳ್ಳುತ್ತದೆ. ಕಪಾಟಿನಿಂದ ಮೂರು ಫೈಲು ಇಳಿಸಿ, ಸೆರಗಿನಿಂದ ಧೂಳು ಒರೆಸಿ, ಮೊದಲನೆಯದನ್ನು ಹಿಂದಿನಿಂದ ಮುಂದಕ್ಕೆ ಓದತೊಡಗುತ್ತಾಳೆ. ಕಚೇರಿ ಶುರುವಾಗುವುದು ಒಂಬತ್ತಕ್ಕೆ. ಅಲ್ಲಿಯವರೆಗಿನ ಹೊತ್ತು ಯಾರೂ ಲೆಕ್ಕ ಕೇಳದ, ಯಾರೂ ಸಂಬಳ ಕೊಡದ ಹೊತ್ತು.

ಹೆತ್ತವರ ಬಳಿ ಇರಲಾಗದ ಮಕ್ಕಳನ್ನು ಸಾಕುಮನೆಗಳಿಗೆ ಒಪ್ಪಿಸುವ ಇಲಾಖೆ ಇದು. ಮಗು ಒಂದು ಮನೆಯಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ಅದರ ಕಾಯಿಲೆ, ಸ್ವಭಾವ, ಮಾತ್ರೆಗಳ ವಿವರವನ್ನು ಹೊಸ ಹಾಳೆಗೆ ನಕಲು ಮಾಡಬೇಕು. ಹನ್ನೊಂದು ವರ್ಷದಿಂದ ಆಕೆಯ ಕೆಲಸ ಅದೇ. ಸಹೋದ್ಯೋಗಿಗಳ ಬಾಯಲ್ಲಿ ಆಕೆ ‘ಕಾಪಿಯಮ್ಮ’. ಹೊಸದಾಗಿ ಬಂದವರು ಹೆಸರು ಕೇಳಿ, “ನಂಗೊಂದು ಲೋಟ, ಸಕ್ಕರೆ ಕಮ್ಮಿ” ಎಂದದ್ದೂ ಉಂಟು.

ಅದಕ್ಕೂ ಮೊದಲು ಆಕೆ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಿದ್ದಳು. ಅದು ಬಾಗಿಲು ಹಾಕಿತು. ಈಗ ವಯಸ್ಸು ಐವತ್ತನಾಲ್ಕು. ಸೈಕಲ್ ರಿಪೇರಿ ಅಂಗಡಿಯ ಮೇಲೊಂದು ಕೋಣೆ, ಭಾನುವಾರ ಫೋನ್ ಮಾಡುವ ಅಕ್ಕ. ಅಷ್ಟೇ ಬಳಗ. “ಇಲ್ಲಿರೋ ಮಕ್ಕಳ ಮೊದಲ ಹಲ್ಲು ಯಾವಾಗ ಬಿತ್ತು ಅಂತ ಹೇಳ್ತೀನಿ. ಬೀದೀಲಿ ಎದುರಿಗೆ ಬಂದ್ರೆ ಒಬ್ಬರ ಗುರುತೂ ಸಿಗಲ್ಲ,” ಎನ್ನುತ್ತಾಳೆ. ಫೈಲಿನಲ್ಲಿ ಫೋಟೋ ಇರುತ್ತದೆ, ನಿಜ. ಆದರೆ ಅದು ಮಗು ಮೊದಲು ಬಂದ ದಿನದ್ದು. ಆಮೇಲೆ ಯಾರೂ ಬದಲಿಸುವುದಿಲ್ಲ.

ಒಬ್ಬಳ ಮುಖ ಮಾತ್ರ ಆಕೆಗೆ ಗೊತ್ತು. ಹೋದ ವರ್ಷ, ಆರನೇ ಮನೆಗೆ ಹೊರಟಿದ್ದ ಒಂಬತ್ತರ ಹುಡುಗಿಯನ್ನು ಕರೆತಂದಿದ್ದ ಅಧಿಕಾರಿಣಿ, “ಹತ್ತು ನಿಮಿಷ ನೋಡ್ಕೊಳ್ಳಿ” ಎಂದು ಆಕೆಯ ಮೇಜಿನ ಪಕ್ಕ ಕೂರಿಸಿ ಹೋದರು. ಹಾಡಹಗಲು ಹನ್ನೊಂದು ಗಂಟೆ. ಹುಡುಗಿ ಕೂತಲ್ಲೇ ತೂಕಡಿಸುತ್ತಿದ್ದಳು, ತೋಳಿನ ಮೇಲೆ ಜೊಲ್ಲು. ಆಕೆ ಒಂದು ಹಾಳೆ, ಪೆನ್ಸಿಲು ಕೊಟ್ಟಳು. ಕೈ ನಡುಗಿ ಪೆನ್ಸಿಲು ಜಾರಿತು. “ಬಿಡಿ ಆಂಟಿ, ನಂಗೆ ಬರಲ್ಲ. ನಾನು ಕೆಟ್ಟ ಹುಡುಗಿ,” ಎಂದಿತು ಮಗು, ಊಟ ಆಯಿತು ಎನ್ನುವಷ್ಟೇ ಸಲೀಸಾಗಿ.

ಮಗು ಹೋದ ಮೇಲೆ ಆಕೆ ಹಳೆಯ ಹಾಳೆಗಳನ್ನೆಲ್ಲ ಹರಡಿಕೊಂಡಳು. ನಾಲ್ಕು ವರ್ಷದ ಹಿಂದಿನ ಮೊದಲ ಹಾಳೆಯಲ್ಲಿ ವೈದ್ಯರು ಬರೆದಿದ್ದರು: ‘ತಾಯಿಯಿಂದ ದೂರವಾಗಿ ಅಳುತ್ತಾಳೆ, ನಿದ್ದೆ ಇಲ್ಲ. ಈ ಮಾತ್ರೆ ಎರಡು ವಾರ ಮಾತ್ರ.’ ಎರಡನೇ ಹಾಳೆಯಲ್ಲಿ ಮಾತ್ರೆ ಇತ್ತು, ಎರಡು ವಾರ ಇರಲಿಲ್ಲ, ತಾಯಿಯೂ ಇರಲಿಲ್ಲ. ಮೂರನೇ ಮನೆಯಲ್ಲಿ ಅಳು ‘ಸಿಟ್ಟು’ ಆಯಿತು. ನಾಲ್ಕನೆಯದರಲ್ಲಿ ಸಿಟ್ಟಿಗೊಂದು ರೋಗದ ಹೆಸರು, ಅದಕ್ಕೊಂದು ಮಾತ್ರೆ. ಐದರಲ್ಲಿ ಮಂಕುತನಕ್ಕೆ ಇನ್ನೊಂದು ಹೆಸರು, ಇನ್ನೊಂದು ಮಾತ್ರೆ. ಕಡ್ಡಿ ಗುಡ್ಡವಾಗಿತ್ತು. ಎರಡನೇ ಹಾಳೆಯ ಕೈಬರಹ ಯಾರದ್ದೆಂದು ಕೇಳಬೇಕಾಗಿರಲಿಲ್ಲ.

“ಆ ವರ್ಷ ಹೊಸ ಫಾರಂ ಬಂದಿತ್ತು. ‘ಯಾಕೆ’ ಅನ್ನೋದಕ್ಕೆ ಜಾಗವೇ ಇರಲಿಲ್ಲ. ನಾನೂ ಬಿಟ್ಬಿಟ್ಟೆ. ಜಾಗ ಇಲ್ದಿದ್ರೆ ಅಂಚಲ್ಲಿ ಬರೀಬಹುದಿತ್ತು,” ಎನ್ನುವಾಗ ಆಕೆ ಯಾರ ಮುಖವನ್ನೂ ನೋಡುವುದಿಲ್ಲ.

ಮೇಲಧಿಕಾರಿಯ ಎದುರು ನಿಂತಾಗ ಅವರು ಕೇಳಿದ್ದು: “ನೀವೇನು ಡಾಕ್ಟರಾ?”

“ಅಲ್ಲ ಸಾರ್, ಬರೆಯೋಳು. ತಪ್ಪು ಬರೆದಿದ್ದೀನಿ ಅಂತ ಹೇಳೋಕೆ ಬಂದೆ.”

ಅದನ್ನೇ ಕಾಗದದಲ್ಲೂ ಬರೆದು ಸಹಿ ಹಾಕಿ, ಒಂದು ಪ್ರತಿಯನ್ನು ಗುರುವಾರಗಳಂದು ಕಚೇರಿಗೆ ಬರುವ ಮಕ್ಕಳ ಮನೋವೈದ್ಯೆಯ ಕೈಗೇ ಕೊಟ್ಟಳು. ತಿಂಗಳೊಳಗೆ ಆಕೆಗೆ ಮೆಮೊ ಬಂತು, ಮೇಜು ಮೊದಲ ಮಹಡಿಯಿಂದ ನೆಲಮಾಳಿಗೆಗೆ ಇಳಿಯಿತು. ಜೊತೆಗೆ ಊಟಕ್ಕೆ ಕೂರುತ್ತಿದ್ದವರಿಗೆ ಒಬ್ಬೊಬ್ಬರಿಗೂ ಊಟದ ಹೊತ್ತಿಗೇ ಒಂದೊಂದು ಕೆಲಸ ಬಂತು. “ಇರಲಾರದೆ ಇರುವೆ ಬಿಟ್ಕೊಂಡ್ರಿ” ಎಂದು ಒಬ್ಬರು ಮುಖಕ್ಕೇ ಹೇಳಿದರು. “ಅವರು ಪರವಾಗಿಲ್ಲ, ಮಾತಾದ್ರೂ ಆಡಿದ್ರು,” ಎನ್ನುತ್ತಾಳೆ. ಈಗ ಡಬ್ಬಿ ತೆರೆಯುವುದು ಕಪಾಟುಗಳ ನಡುವೆ, ಹತ್ತು ನಿಮಿಷದಲ್ಲಿ ಮುಚ್ಚುವುದು.

ಒಂದು ಹಾಳೆಯಲ್ಲಿ ಬಿಟ್ಟವಳು ಇನ್ನೆಷ್ಟರಲ್ಲಿ ಬಿಟ್ಟಿದ್ದೇನೋ ಎಂಬ ಭಯವೇ ಆಕೆಯನ್ನು ಮುಂಜಾನೆ ಇಲ್ಲಿಗೆ ಎಳೆತರುತ್ತದೆ. ಕೋಣೆಯಲ್ಲಿ ಸಾವಿರದ ನೂರ ನಲವತ್ತು ಮಕ್ಕಳ ಫೈಲುಗಳಿವೆ. ದಿನಕ್ಕೆ ಮೂರರಂತೆ ಏಳುನೂರ ಇಪ್ಪತ್ತು ಮುಗಿದಿವೆ. ಅವುಗಳ ಪೈಕಿ ಐವತ್ತನಾಲ್ಕು ಫೈಲುಗಳಲ್ಲಿ ಏನೋ ಬಿಟ್ಟುಹೋಗಿತ್ತು. ಎಲ್ಲವೂ ಆಕೆಯ ಕೈಬರಹವಲ್ಲ, ಆದರೂ ಚೀಟಿ ಬರೆದು ವೈದ್ಯೆಗೆ ಕಳಿಸುತ್ತಾಳೆ. ಹತ್ತೊಂಬತ್ತು ಮಕ್ಕಳ ಮಾತ್ರೆ ಕಡಿಮೆಯಾಗಿದೆ ಇಲ್ಲವೇ ನಿಂತಿದೆ.

ವೈದ್ಯೆ ತೂಗಿ ಮಾತಾಡುವವರು. “ಮಾತ್ರೆ ನಮ್ಮ ಶತ್ರು ಅಲ್ಲ. ಎಷ್ಟೋ ಮಕ್ಕಳಿಗೆ ಅದೇ ಆಸರೆ. ಆದ್ರೆ ಮಾತ್ರೆ ಯಾಕೆ ಶುರುವಾಯ್ತು ಅಂತ ಮನೇಲಿ ಒಬ್ರಾದ್ರೂ ನೆನಪಿಟ್ಟುಕೊಂಡಿರ್ತಾರೆ. ಈ ಮಕ್ಕಳಿಗೆ ಆ ಒಬ್ರೂ ಇಲ್ಲ, ಇರೋದು ಹಾಳೆ.” ಆ ಹುಡುಗಿಯ ಮೂರು ಮಾತ್ರೆಗಳಲ್ಲಿ ಎರಡನ್ನು ಅವರು ಐದು ತಿಂಗಳು ಹಿಡಿದು, ಹಂತಹಂತವಾಗಿ ನಿಲ್ಲಿಸಿದರು. ಒಂದು ಉಳಿದಿದೆ, ಅದು ಬೇಕಾದದ್ದೇ. ಈ ನಡುವೆ ಆರನೇ ಮನೆಯವರು ಊರು ಬಿಟ್ಟರು. ಹುಡುಗಿ ಏಳನೇ ಮನೆಗೆ ಹೋದಳು.

ಹೋದ ತಿಂಗಳು ವೈದ್ಯೆ ತಾವೇ ನೆಲಮಾಳಿಗೆಗೆ ಇಳಿದು ಬಂದು ಸುದ್ದಿ ಹೇಳಿದರು. ಏಳನೇ ಮನೆಯ ಸಾಕುತಾಯಿಯ ದೂರು: ಹುಡುಗಿಗೆ ಬಾಯಿ ಜೋರಾಗಿದೆ, ಕಾಲುಚೀಲ ಹಾಕಲ್ಲ ಅಂತ ಅರ್ಧ ಗಂಟೆ ವಾದ ಮಾಡಿದ್ದಾಳೆ. “ಮಾತ್ರೆ ಹೆಚ್ಚಿಸಬೇಕಾ ಅಂತ ಕೇಳಿದ್ರಾ?” ಎಂದಳು ಆಕೆ. “ಇಲ್ಲ. ‘ನನ್ನ ಮಗಳೂ ಹೀಗೇ ಇದ್ಲು’ ಅಂತ ನಗ್ತಿದ್ರು.” ವೈದ್ಯೆ ಮೆಟ್ಟಿಲು ಹತ್ತಿ ಹೋದ ಮೇಲೆ ಆಕೆ ಪೆನ್ನಿನ ಮುಚ್ಚಳ ಹಾಕಿದಳು. ಸುದ್ದಿಯನ್ನು ಯಾರಿಗಾದರೂ ಹೇಳಬೇಕೆನಿಸಿತು. ಭಾನುವಾರಕ್ಕೆ ಇನ್ನೂ ಮೂರು ದಿನವಿತ್ತು.

ಆ ಹುಡುಗಿಯನ್ನು ಮತ್ತೆ ನೋಡುವ ಆಸೆ ಇಲ್ಲವೇ?

ಆಕೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಳ್ಳುತ್ತಾಳೆ. “ನೋಡೋದಿರ್ಲಿ, ಅವಳ ಫೈಲು ಇನ್ನೊಂದ್ಸಲ ನನ್ನ ಮೇಜಿಗೆ ಬರ್ದೇ ಇದ್ರೆ ಸಾಕು. ಬಂದ್ರೆ ಮನೆ ಬದಲಾಯ್ತು ಅಂತಾನೇ ಅರ್ಥ.”