ದೊಡ್ಡಪ್ಪನೇ ತೆರೆಯಲಾರದ ಫೈಲು

ನಮ್ಮ ದೊಡ್ಡಪ್ಪನಿಗೆ ಮುಚ್ಚುಮರೆ ಕಂಡರೆ ಆಗದು. ಯಾವ ಕಂಪ್ಯೂಟರಿನಲ್ಲಿ ಬರೆದ ಫೈಲೂ ಇನ್ಯಾವುದರಲ್ಲಾದರೂ ತೆರೆಯಬೇಕು, ಅದರ ನಿಯಮ ಎಲ್ಲರಿಗೂ ಗೊತ್ತಿರಬೇಕು ಎಂದು ಮುಕ್ತ ಫಾರ್ಮ್ಯಾಟ್ ರೂಪಿಸುವ ಸಮಿತಿಯಲ್ಲಿ ಅವರು ಸದಸ್ಯರು. ಪುಟದ ಅಂಚು ಎಂದರೇನು ಎಂಬ ಒಂದೇ ಪ್ರಶ್ನೆಗೆ ಆ ಸಮಿತಿ ಇಡೀ ಬೇಸಿಗೆ ಜಗಳವಾಡಿತ್ತು. ಉಳಿದ ಜಗಳವನ್ನು ದೊಡ್ಡಪ್ಪ ಊಟದ ಮೇಜಿನಲ್ಲಿ ಮುಗಿಸುತ್ತಿದ್ದರು.

“ಬರೆದವನ ಮಾತಿಗೆ ಇನ್ಯಾರೋ ಬೀಗ ಹಾಕೋದಾ? ಹಗಲು ದರೋಡೆ!”

ಒಂದು ಸಂಜೆ ದೊಡ್ಡಮ್ಮ ಅವರ ತಟ್ಟೆಯ ಪಕ್ಕ ಹಳೆಯ ಫ್ಲಾಪಿಯೊಂದನ್ನು ಇಟ್ಟರು. ಈಗ ತೀರಿಹೋಗಿರುವ ತಮ್ಮಪ್ಪ ಹೇಳುತ್ತಾ ಹೋದ ಮಾತುಗಳನ್ನು ಮದುವೆಯ ಹೊಸತರಲ್ಲಿ ಅವರು ಅದರಲ್ಲಿ ಟೈಪ್ ಮಾಡಿಟ್ಟಿದ್ದರು. ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ.

“ಇದನ್ನ ತೆಗೀರಿ ನೋಡೋಣ. ಅಪ್ಪ ಹೇಗೆ ಮಾತಾಡ್ತಿದ್ರು ಅನ್ನೋದೇ ಮರೆತು ಹೋಗ್ತಾ ಇದೆ ನಂಗೆ.”

ಫ್ಲಾಪಿ ಓದುವ ಯಂತ್ರವೇನೋ ಸಿಕ್ಕಿತು. ತೆರೆದರೆ ಬರೀ ಅಂಕಿಗಳು.

“ಯಾವ ಕಿಡಿಗೇಡಿ ಬರೆದ ಸಾಫ್ಟ್‌ವೇರ್ ಇದು!” ಎಂದು ದೊಡ್ಡಪ್ಪ ಗುಡುಗಿದರು.

“ನೀವೇ,” ಎಂದರು ದೊಡ್ಡಮ್ಮ.

ನಿಜವೇ. ಹರೆಯದಲ್ಲಿ ಟೈಪಿಂಗ್ ಅಂಗಡಿ ಇಟ್ಟಿದ್ದಾಗ, ಗಿರಾಕಿಗಳು ಎದುರಂಗಡಿಗೆ ಹೋಗಬಾರದೆಂದು, ಒಂದೊಂದು ಅಕ್ಷರಕ್ಕೂ ತಮಗೆ ತೋಚಿದ ಅಂಕಿ ಕೊಟ್ಟು ಅವರೇ ಬರೆದ ಸಾಫ್ಟ್‌ವೇರ್ ಅದು. ಯಾವ ಅಕ್ಷರಕ್ಕೆ ಯಾವ ಅಂಕಿ ಎಂದು ಎಲ್ಲೂ ಬರೆದಿಡಲಿಲ್ಲ, ಬರೆದಿಟ್ಟರೆ ಕದಿಯುತ್ತಾರಲ್ಲ! ಆ ಸಾಫ್ಟ್‌ವೇರ್ ಅಂಗಡಿಯ ಜೊತೆಗೇ ಕಾಣೆಯಾಗಿತ್ತು, ಅಂಕಿಗಳು ಈಗ ಅವರಿಗೇ ನೆನಪಿಲ್ಲ. ನನಗೆ ನಗು ಉಕ್ಕಿ ಬಂತು, ದೊಡ್ಡಮ್ಮನ ಮುಖ ನೋಡಿ ನುಂಗಿಕೊಂಡೆ.

ದೊಡ್ಡಪ್ಪ ಸಮಿತಿಗೆ ಚಕ್ಕರ್ ಹೊಡೆದು ಪಟ್ಟು ಹಿಡಿದು ಕೂತರು. ಅಂಕಿಗಳು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಹೆಂಡತಿಯನ್ನೇ ಕೇಳಿದರು: “ನಿಮ್ಮಪ್ಪ ಪದೇ ಪದೇ ಹೇಳೋ ಮಾತು ಯಾವುದಾದ್ರೂ ಇತ್ತಾ?”

“ಏನೇ ಹೇಳಲಿ, ‘ಕೇಳು ಪುಟ್ಟಿ’ ಅಂತ್ಲೇ ಶುರು ಮಾಡೋರು.”

ಅಂಕಿಗಳ ಒಂದು ಸಾಲು ಮತ್ತೆ ಮತ್ತೆ ಬರುತ್ತಿತ್ತು. ಅದೇ ‘ಕೇಳು ಪುಟ್ಟಿ’! ಅಲ್ಲಿಂದ ಒಂದೊಂದೇ ಅಕ್ಷರ ಬಾಯಿಬಿಟ್ಟಿತು. ದೊಡ್ಡಪ್ಪ ಉಬ್ಬಿಹೋಗಿ ಗಟ್ಟಿಯಾಗಿ ಓದತೊಡಗಿದರು.

“‘ಕೇಳು ಪುಟ್ಟಿ, ನಿನ್ನ ಗಂಡನಿಗೆ ಬುದ್ಧಿ ಇದೆ. ಅದಕ್ಕಿಂತ ಎರಡರಷ್ಟು ಜಂಬ ಇದೆ. ಅವನ ಅಂಗಡಿ...’” ದನಿ ಇಳಿಯಿತು. “ಇದು ಸರಿಯಾಗಿ ತೆರೆದಿಲ್ಲ ಅನ್ಸುತ್ತೆ.”

“ಸರಿಯಾಗೇ ತೆರೆದಿದೆ. ಮುಂದೆ ಓದ್ರಿ.”

ಪುಟಗಟ್ಟಲೆ ಅಳಿಯನಿಗೇ ಮಂಗಳಾರತಿ. ಅವರ ಹಟ, ಸಿಡುಕು, ಗೊರಕೆ ಒಂದನ್ನೂ ಮಾವ ಬಿಟ್ಟಿರಲಿಲ್ಲ. ದೊಡ್ಡಪ್ಪ ಬೆವರುತ್ತಾ ಓದಿದರು. ದೊಡ್ಡಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು, ನಗುನಗುತ್ತಲೇ ಅತ್ತುಬಿಟ್ಟರು.

“ಇನ್ನೊಂದ್ಸಲ ಓದ್ರಿ,” ಎಂದರು. “ಅಪ್ಪ ಹೀಗೆ ಪಕ್ಕದಲ್ಲೇ ಕೂತು ಬೈದು ಎಷ್ಟು ವರ್ಷ ಆಗಿತ್ತು!”

ದೊಡ್ಡಪ್ಪ ಒಂದು ಲೋಟ ನೀರು ಕುಡಿದು, ಮೊದಲಿನಿಂದ ಶುರು ಮಾಡಿದರು.