ಕ್ಲಚ್ ಕಿತ್ತ ಕಾರು

ಕಾರು ಮಾರುವುದಿಲ್ಲ ಎಂದು ನಾನು ಮೊದಲ ಸಲ ಹೇಳಿದ್ದು ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡೇ. ಎಡ ಮೊಣಕಾಲಿನ ಆಪರೇಷನ್ ಆಗಿ ಮೂರನೆಯ ದಿನ. ಡಾಕ್ಟರು ಪಟ್ಟಿ ಬಿಚ್ಚಿ ನೋಡಿ, ಇನ್ನು ಮೇಲೆ ಕ್ಲಚ್ ತುಳಿಯುವ ಹಾಗಿಲ್ಲ ಎಂದು ಹೇಳಿ ಹೊರಗೆ ಹೋದರು. ಅವರು ಬಾಗಿಲು ದಾಟುವಷ್ಟರಲ್ಲಿ ನನ್ನ ಬಾಮೈದ, ಅಂದರೆ ಹೆಂಡತಿಯ ತಮ್ಮ, ಜೇಬಿನಿಂದ ಫೋನು ತೆಗೆದ.

“ಭಾವ, ದುರ್ಗದಾಗೆ ಒಂದು ಪಾರ್ಟಿ ಐತೆ. ಹಳೇ ಗಾಡಿ ಅಂದ್ರೆ ಪ್ರಾಣ ಬಿಡ್ತಾನೆ. ಮದುವೆ ಮೆರವಣಿಗೆಗೆ ಹೂವ ಕಟ್ಟಿ ಬಾಡಿಗೆ ಬಿಡ್ತಾನಂತೆ.”

“ಗಾಡಿ ಮಾರಲ್ಲ.”

“ಮತ್ತೆ ಕಾಲು?”

“ಕಾಲೂ ಮಾರಲ್ಲ.”

ಪಕ್ಕದ ಮಂಚದ ರೋಗಿ ನಕ್ಕುಬಿಟ್ಟ. ನನ್ನ ಹೆಂಡತಿ ನಗಲಿಲ್ಲ.

ನಾನು ಮೂವತ್ತೊಂದು ವರ್ಷ ಬಸ್ಸಿನ ಸ್ಟಿಯರಿಂಗ್ ಹಿಡಿದವನು. ಕೊನೆಯ ಒಂಬತ್ತು ವರ್ಷ ಡಿಪೋದಲ್ಲಿ ಹೊಸ ಡ್ರೈವರುಗಳಿಗೆ ತರಬೇತಿ ಕೊಟ್ಟೆ. ಗಾಡಿ ತೆಗೆಯುವ ಮುನ್ನ ಮಾಡಬೇಕಾದ ಕೆಲಸಗಳಿಗೆ ನನ್ನಲ್ಲಿ ಒಂದು ಕ್ರಮವಿತ್ತು, ಆ ಕ್ರಮದಲ್ಲಿ ಒಂದು ಹೆಜ್ಜೆಯೂ ಹಿಂದುಮುಂದಾಗುವಂತಿರಲಿಲ್ಲ. ಬೆಳಿಗ್ಗೆ ಐದೂವರೆಗೆ ಗಾಡಿಯ ಎಡಗಡೆಯಿಂದ ಸುತ್ತು ಶುರು. ಟಯರು, ನೀರು, ಬ್ಯಾಟರಿ, ಆಮೇಲೆ ಎಣ್ಣೆ. ಎಣ್ಣೆಯನ್ನು ಸಮತಟ್ಟು ನೆಲದ ಮೇಲೆ, ಇಂಜಿನ್ ತಣ್ಣಗಿರುವಾಗ, ಆಫ್ ಇರುವಾಗ ನೋಡಬೇಕು. ಇಂಜಿನ್ ಓಡುತ್ತಿರುವಾಗ ಎಣ್ಣೆಯ ಮಟ್ಟ ತೋರಿಸುವ ಕಡ್ಡಿ ಎಳೆದ ಒಬ್ಬನನ್ನು ಆ ದಿನದ ತರಬೇತಿಯಿಂದಲೇ ಹೊರಗೆ ಕಳಿಸಿದ್ದೆ. ನಿವೃತ್ತನಾದ ಮೇಲೂ ಮನೆಯ ಕಾರಿಗೆ ಅದೇ ಕ್ರಮ. ದುಂಡು ಬೆನ್ನಿನ ಬಿಳಿ ಕಾರು ಅದು. ಒಂದು ಕಾಲಕ್ಕೆ ಸರ್ಕಾರಿ ಕಚೇರಿಗಳ ಮುಂದೆಲ್ಲ ಸಾಲಾಗಿ ನಿಲ್ಲುತ್ತಿತ್ತಲ್ಲ, ಅಂಥದ್ದು. ಕ್ಲಚ್ಚಂತೂ ಬಹಳ ಬಿಗಿ.

ಮನೆಗೆ ಬಂದ ಮೇಲೆ ಸಲಹೆ ಕೊಡದವರೇ ಇಲ್ಲ. ಹೊಸ ಆಟೋಮ್ಯಾಟಿಕ್ ಕಾರು ತಗೊಳ್ಳಿ ಎಂದರು. ಡ್ರೈವರ್ ಇಟ್ಟುಕೊಳ್ಳಿ ಎಂದರು. ನನಗೇ ಡ್ರೈವರ್! ಸವೆದದ್ದು ನನ್ನ ಮಂಡಿ, ಅದಕ್ಕೆ ಕಾರು ಯಾಕೆ ಮನೆ ಬಿಡಬೇಕು? ತೊಂದರೆ ಕೊಡುವುದು ಕ್ಲಚ್ ಒಂದೇ. ಹಾಗಾದರೆ ಹೋಗಬೇಕಾದದ್ದು ಕ್ಲಚ್ಚು.

ನಮ್ಮ ಚಳ್ಳಕೆರೆಯಲ್ಲೇ ಲಾರಿ ಗೇರ್‌ಬಾಕ್ಸ್ ಬಿಚ್ಚುವ ಮೇಸ್ತ್ರಿಯೊಬ್ಬರಿದ್ದಾರೆ. ಹರೆಯದಲ್ಲಿ ಹತ್ತು ವರ್ಷ ಅರಬ್ ದೇಶದ ಗ್ಯಾರೇಜಿನಲ್ಲಿ ದುಡಿದು ಬಂದವರು. ಅಲ್ಲಿ ಕ್ಲಚ್ ಇರುವ ಕಾರನ್ನು ಕಂಡದ್ದೇ ಅಪರೂಪ ಎನ್ನುತ್ತಾರೆ. ಕೋಲೂರಿಕೊಂಡು ಅವರ ಶೆಡ್ಡಿಗೆ ಹೋಗಿ, ಕ್ಲಚ್ ಕಿತ್ತು ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೂರಿಸಬೇಕು ಎಂದು ಹೇಳಿದೆ.

“ಡ್ರೈವರ್ ಸಾಬ್, ಇಂಜಿನ್ ಬಾಯಿ ಒಂಥರಾ, ಆ ಗೇರ್‌ಬಾಕ್ಸ್ ಬಾಯಿ ಇನ್ನೊಂಥರಾ. ಇಬ್ರಿಗೂ ಮದುವೆ ಮಾಡ್ಸೋದು ಸುಲಭ ಅಲ್ರಿ.”

“ಆಗಲ್ಲ ಅಂತೀರಾ?”

“ಆಗಲ್ಲ ಅಂದ್ನಾ ನಾನು? ಸುಲಭ ಅಲ್ಲ ಅಂದೆ.”

ನನಗೆ ಅಷ್ಟು ಸಾಕಾಯಿತು. ಮೊದಲು ಕಾಗದ, ಆಮೇಲೆ ಸ್ಪ್ಯಾನರ್. ಡಾಕ್ಟರ ಪತ್ರ ಲಗತ್ತಿಸಿ ಸಾರಿಗೆ ಕಚೇರಿಗೆ ಅರ್ಜಿ ಹಾಕಿ, ಕಾಲಿನ ಕಾರಣಕ್ಕೆ ಗಾಡಿಯನ್ನು ಬದಲಾಯಿಸಲು ಅನುಮತಿ ತೆಗೆದುಕೊಂಡೆ. ಅಷ್ಟರಲ್ಲಿ ಮೇಸ್ತ್ರಿ ಬಳ್ಳಾರಿಯ ಗುಜರಿಯಲ್ಲಿ ಮೂತಿ ಜಜ್ಜಿಹೋದ ಒಂದು ಆಟೋಮ್ಯಾಟಿಕ್ ವ್ಯಾನು ಹುಡುಕಿದ್ದರು. ಅದರ ಗೇರ್‌ಬಾಕ್ಸಿಗೆ ಏಟು ಬಿದ್ದಿರಲಿಲ್ಲ. ನಾಲ್ಕು ಗೇರು, ನಾಲ್ಕನೆಯದು ಓವರ್‌ಡ್ರೈವ್. ಆ ಗೇರಿಗೆ ಬಿದ್ದರೆ ಇಂಜಿನ್ ನಿಧಾನಕ್ಕೆ ತಿರುಗಿದರೂ ಗಾಡಿಯ ವೇಗ ಇಳಿಯುವುದಿಲ್ಲ, ಪೆಟ್ರೋಲೂ ಉಳಿಯುತ್ತದೆ. ನಮ್ಮ ಕಾರು ತಯಾರಾದಾಗ ಅದಕ್ಕೆ ಇಂಥದ್ದೊಂದರ ಕನಸೂ ಬಿದ್ದಿರಲಿಕ್ಕಿಲ್ಲ.

ಮೂರು ತಿಂಗಳು ಹಿಡಿಯಿತು. ಎರಡು ಬಾಯಿಗಳ ನಡುವೆ ಕೂರಿಸಲು ದಪ್ಪನೆಯ ಪ್ಲೇಟನ್ನು ಎಣ್ಣೆ ಮಿಲ್ಲುಗಳಿಗೆ ಶಾಫ್ಟು ಕಡೆಯುವ ಲೇತ್ ಅಂಗಡಿಯಲ್ಲಿ ಮಾಡಿಸಿದೆವು. ಒಂದು ಕಡೆ ಇಂಜಿನ್ನಿನ ತೂತುಗಳು, ಇನ್ನೊಂದು ಕಡೆ ಗೇರ್‌ಬಾಕ್ಸಿನವು. ಒಂದು ಕೂದಲೆಳೆ ಹೆಚ್ಚುಕಮ್ಮಿಯಾದರೂ ಕೆಲಸ ಕೆಟ್ಟಂತೆ. ಮೊದಲನೆಯ ಪ್ಲೇಟು ಹಾಗೆಯೇ ಕೆಟ್ಟಿತು. ಗೇರ್‌ಬಾಕ್ಸಿನ ಹೊಟ್ಟೆ ದಪ್ಪವೆಂದು ಸೀಟುಗಳ ನಡುವಿನ ತಗಡು ಕತ್ತರಿಸಿ ಎತ್ತರಿಸಿದರು. ಹಿಂದಿನ ಚಕ್ರಗಳಿಗೆ ಹೋಗುವ ಶಾಫ್ಟನ್ನು ನಾಲ್ಕು ಬೆರಳು ಮೊಟಕು ಮಾಡಿದರು. ಗೇರಿನ ಎಣ್ಣೆ ತಣ್ಣಗಾಗಲು ಮುಂದುಗಡೆ ಪುಟ್ಟದೊಂದು ರೇಡಿಯೇಟರ್ ಕೂತಿತು. ನಾನು ದಿನವೂ ಒಂಬತ್ತಕ್ಕೆ ಹೋಗಿ ಮಧ್ಯಾಹ್ನ ಒಂದರವರೆಗೆ ಸ್ಟೂಲಿನ ಮೇಲೆ ಕೂತು, ಆದದ್ದನ್ನೆಲ್ಲ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ.

“ಸಾಬ್, ಇದು ಡಿಪೋ ಅಲ್ರಿ. ನೀವು ಹಂಗೆ ನೋಡ್ತಾ ಕೂತ್ರೆ ನನಗೆ ಮೆಮೋ ಬಂದಂಗೆ ಆಗ್ತೈತೆ” ಎಂದು ಮೇಸ್ತ್ರಿ ಗಾಡಿಯ ಅಡಿಯಿಂದಲೇ ಕೂಗುತ್ತಿದ್ದರು.

ಗಾಡಿ ಒಪ್ಪಿಸುವ ದಿನ ಹತ್ತಾರು ಸೂಚನೆ ಕೊಟ್ಟರು. ಒಂದನ್ನು ಬಿಟ್ಟು ಎಲ್ಲವನ್ನೂ ಬರೆದುಕೊಂಡೆ. “ಈ ಗೇರ್‌ಬಾಕ್ಸಿನ ಎಣ್ಣೆ ನೋಡೋವಾಗ ಇಂಜಿನ್ ಬಿಸಿ ಆಗಿರ್ಬೇಕು, ಸ್ಟಾರ್ಟ್‌ನಾಗೇ ಇರ್ಬೇಕು” ಎಂದಾಗ ನಾನು ಪೆನ್ನು ಎತ್ತಲಿಲ್ಲ. ಶೆಡ್ಡಿನಲ್ಲಿ ಇಡೀ ದಿನ ಇಂಜಿನ್ ಓಡಿಸಿಕೊಂಡೇ ಇರುವವರ ಅಭ್ಯಾಸ ಅದು ಎಂದುಕೊಂಡೆ.

ದೊಡ್ಡಉಳ್ಳಾರ್ತಿಯ ಹುಲ್ಲಿನ ಕಾವಲಿನ ಪಕ್ಕದ ರಸ್ತೆಯಲ್ಲಿ ಎರಡು ವಾರ ಅಭ್ಯಾಸ ಮಾಡಿದೆ. ಮೊದಲ ದಿನ ಇಲ್ಲದ ಕ್ಲಚ್ಚನ್ನು ಹುಡುಕಿಕೊಂಡು ಹೋದ ಎಡಗಾಲು ಬ್ರೇಕಿನ ಮೇಲೆ ಬಿತ್ತು. ಎದೆ ಸ್ಟಿಯರಿಂಗಿಗೆ ಬಡಿಯಿತು. ಮೇಯುತ್ತಿದ್ದ ಕುರಿಗಳು ಕೂಡ ತಲೆ ಎತ್ತಿ ನೋಡಿದವು. ನಾಲ್ಕನೆಯ ದಿನಕ್ಕೆ ಕಾಲು ಮಾತು ಕೇಳಿತು. ಉದ್ದನೆಯ ನೇರ ದಾರಿಯಲ್ಲಿ ನಾಲ್ಕನೆಯ ಗೇರು ತಾನಾಗಿ ಬಿದ್ದು ಇಂಜಿನ್ನಿನ ಸದ್ದು ಇಳಿದಾಗ, ಇಷ್ಟು ವರ್ಷ ಈ ಕಾರು ನನ್ನ ಕೈಯಲ್ಲಿ ಸುಮ್ಮನೆ ಅರಚಿಕೊಂಡಿತ್ತಲ್ಲ ಎನ್ನಿಸಿತು.

ಮನೆಯಲ್ಲಿ ಮಾತ್ರ ಮಾತು ಮುಗಿದಿರಲಿಲ್ಲ. ಈ ಕಾಲಿನಲ್ಲಿ ದಾರಿಯ ಮಧ್ಯೆ ಗಾಡಿ ಕೈಕೊಟ್ಟರೆ ಏನು ಗತಿ ಎಂಬುದು ಹೆಂಡತಿಯ ಭಯ. ಅವಳೇ ಒಂದು ಷರತ್ತು ಹಾಕಿದಳು. ಮೊಳಕಾಲ್ಮೂರಿನಲ್ಲಿರುವ ಅವಳ ತಂಗಿಯ ಮನೆಗೆ ಭಾನುವಾರ ಊಟಕ್ಕೆ ಹೋಗಬೇಕಿತ್ತು.

“ಮೊಳಕಾಲ್ಮೂರಿನ ತನಕ ಎಲ್ಲೂ ನಿಲ್ಲದಂಗೆ ಕರ್ಕೊಂಡು ಹೋಗ್ರಿ. ಆಮ್ಯಾಕೆ ನಾನು ಈ ಮಾತು ಎತ್ತಲ್ಲ. ಗಾಡಿ ಕೆಟ್ಟು ನಿಂತ್ರೆ ಮಾತ್ರ ಮಾರಾಕೆ ಕೀಲಿ ಕೊಡ್ಬೇಕು.”

“ಕೊಡ್ತೀನಿ” ಎಂದೆ. ನಾನು ಮಾತು ತಪ್ಪಿದವನಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಬಾಮೈದ ತಾನೂ ಬರುತ್ತೇನೆಂದ. ತಂಗಿಯ ಮನೆಯ ಊಟಕ್ಕಿಂತ ಕೀಲಿಯ ಮೇಲೇ ಅವನ ಕಣ್ಣು.

ಭಾನುವಾರ ಐದೂವರೆಗೆ ಎದ್ದು ಸುತ್ತು ಮುಗಿಸಿದೆ. ಗೇರ್‌ಬಾಕ್ಸಿನ ಕಡ್ಡಿಯನ್ನು ಅಂದು ಮೊದಲ ಸಲ ಎಳೆದರೆ ಎಣ್ಣೆ ಗೆರೆಗಿಂತ ಒಂದು ಬೆರಳು ಮೇಲಿತ್ತು. ಒರೆಸಿ ಮತ್ತೆ ಅದ್ದಿದೆ, ಅಷ್ಟೇ. ಇಂಥ ದಿನ ಹೆಚ್ಚು ಎಣ್ಣೆ ಇಟ್ಟುಕೊಂಡು ಹೊರಡುವುದೇ? ಸಲೈನ್ ಪೈಪಿಗೆ ದೊಡ್ಡ ಸಿರಿಂಜು ಸಿಕ್ಕಿಸಿ, ಎಣ್ಣೆ ಗೆರೆಗೆ ಇಳಿಯುವವರೆಗೆ ಎಳೆದು ತೆಗೆದೆ. ಎಲ್ಲವೂ ಕರಾರುವಾಕ್ಕಾಗಿದೆ ಎಂಬ ನೆಮ್ಮದಿಯಲ್ಲಿ ಸ್ನಾನಕ್ಕೆ ಹೋದೆ.

ಒಂಬತ್ತೂ ಕಾಲಿಗೆ ಹೊರಟೆವು. ತಳಕು ದಾಟುವವರೆಗೆ ಕಾರು ಹಾಡಿಕೊಂಡು ಹೋಯಿತು. ಹೆಂಡತಿ ಮುಂದಿನ ಸೀಟಿನಲ್ಲಿ ಬಾಳೆಹಣ್ಣು ಸುಲಿದು ಕೊಟ್ಟಳು. ಹಿಂದೆ ಕೂತ ಬಾಮೈದ ಕಿಲೋಮೀಟರ್ ಕಲ್ಲು ಎಣಿಸುತ್ತಿದ್ದ. ಬಿ.ಜಿ. ಕೆರೆ ಕಳೆದು ಸ್ವಲ್ಪ ಏರು ಬಂತು. ಅಲ್ಲಿ ಇಂಜಿನ್ ಇದ್ದಕ್ಕಿದ್ದಂತೆ ಬೊಬ್ಬೆ ಹೊಡೆಯಿತು, ಗಾಡಿ ಮಾತ್ರ ನಿಧಾನವಾಯಿತು. ಆಕ್ಸಿಲರೇಟರ್ ಒತ್ತಿದಷ್ಟೂ ಬೊಬ್ಬೆ. ಮೆಲ್ಲಗೆ ರಸ್ತೆ ಬದಿಗೆ ತಂದೆ. ನಿಂತಿತು.

ಟೀ ಅಂಗಡಿಯ ಬೆಂಚಿನಲ್ಲಿದ್ದ ನಾಲ್ಕೈದು ಮಂದಿ ಯಾರೂ ಕರೆಯದೆಯೇ ಎದ್ದು ಬಂದರು. ನಮ್ಮ ಕಡೆ ಗಾಡಿ ನಿಂತರೆ ಕಾರಣ ಕೇಳುವುದಿಲ್ಲ, ಮೊದಲು ತಳ್ಳುತ್ತಾರೆ.

“ಯಜಮಾನ್ರೇ, ಸೆಕೆಂಡ್ ಗೇರ್ ಹಾಕಿ ಕ್ಲಚ್ ಒತ್ಕಳ್ರಿ. ಲೇ, ಬರ್ರಲೇ! ತೋಯಂಡ್ರಾ!” ತಳ್ಳಿ ಎಂಬುದನ್ನು ಒಬ್ಬ ತೆಲುಗಿನಲ್ಲೂ ಕೂಗಿದ.

“ತಳ್ಳಬ್ಯಾಡ್ರಪ್ಪ, ಇದು ಸ್ಟಾರ್ಟ್‌ನಾಗೇ ಐತೆ. ಇದಕ್ಕೆ ಕ್ಲಚ್ಚೂ ಇಲ್ಲ.”

ಒಬ್ಬ ಕಿಟಕಿಯೊಳಗೆ ತಲೆ ಹಾಕಿ ಕೆಳಗೆ ನೋಡಿದ. “ಹೌದಲೇ! ಎರಡೇ ಪೆಡಲ್ ಐತೆ. ಒಂದು ಯಾರೋ ಕಿತ್ಕೊಂಡು ಹೋಗ್ಯಾರೆ ನೋಡ್ರಿ ಯಜಮಾನ್ರೇ, ಪೊಲೀಸ್ ಕಂಪ್ಲೇಂಟ್ ಕೊಡ್ರಿ!”

ಎಲ್ಲರೂ ನಕ್ಕರು. ಬಾಮೈದ ಇಳಿದು ಬಂದು ನನ್ನ ಕಿಟಕಿಯ ಹತ್ತಿರ ಅಂಗೈ ಚಾಚಿದ.

“ಭಾವ, ಮಾತು ಅಂದ್ರೆ ಮಾತು. ಕೀಲಿ.”

“ಸ್ವಲ್ಪ ತಡಿ.” ಮೇಸ್ತ್ರಿಗೆ ಫೋನು ಮಾಡಿ ಆದದ್ದನ್ನು ಹೇಳಿದೆ.

“ಎಣ್ಣೆ ಯಾವಾಗ ನೋಡಿದ್ರಿ ಸಾಬ್?”

“ಬೆಳಿಗ್ಗೆ ಐದೂವರೆಗೆ. ಜಾಸ್ತಿ ಇತ್ತು, ಗೆರೆಗೆ ತಂದೆ.”

“ಇಂಜಿನ್ ಸ್ಟಾರ್ಟ್‌ನಾಗೆ ಇತ್ತಾ?”

“ಇಲ್ಲ, ಆಫ್ ಇತ್ತು. ಎಣ್ಣೆ ಹಂಗೇ ಅಲ್ವಾ ನೋಡೋದು?”

“ಅರೆ ಅಲ್ಲಾ! ಆಫ್ ಮಾಡಿ ನೋಡಿದ್ರಾ? ಆಫ್ ಆದ್ರೆ ಮೇಲಿನ ಎಣ್ಣೆ ಎಲ್ಲಾ ಕೆಳಗೆ ಇಳೀತೈತೆ, ಕಡ್ಡಿ ಜಾಸ್ತಿ ತೋರಿಸ್ತೈತೆ. ಸ್ಟಾರ್ಟ್ ಆದ್ರೆ ಮತ್ತೆ ಮೇಲೆ ಹೋಗ್ತೈತೆ. ಅದಕ್ಕೇ ಹೇಳಿದ್ದು ನಾನು! ಎಷ್ಟು ತೆಗದ್ರಿ?”

“ಮುಕ್ಕಾಲು ಲೀಟರ್.”

“ಗಾಡಿ ಹೊಟ್ಟೆ ಖಾಲಿ ಮಾಡಿ ಹತ್ತು ಅಂದ್ರೆ ಹೆಂಗೆ ಹತ್ತೀತು? ಚೆಲ್ಲಿದ್ರಾ ಎಣ್ಣೆ?”

“ನಾನು ಏನನ್ನೂ ಚೆಲ್ಲಲ್ಲ. ಬಾಟ್ಲಿಯಾಗೆ ತುಂಬಿ ಡಿಕ್ಕಿಯಾಗೆ ಇಟ್ಟೀನಿ.”

ಆ ಕಡೆಯಿಂದ ಬಂದ ನಗು ಟೀ ಅಂಗಡಿಯವರೆಗೂ ಕೇಳಿಸಿತು. ಅರ್ಧ ಗಂಟೆ ಆರಲು ಬಿಟ್ಟು, ಮತ್ತೆ ಸ್ಟಾರ್ಟ್ ಮಾಡಿ, ಓಡುತ್ತಿರುವ ಇಂಜಿನ್ನಿನಲ್ಲೇ ಅಷ್ಟನ್ನೂ ವಾಪಸ್ ಸುರಿಯಲು ಹೇಳಿದರು. ಸುಟ್ಟ ವಾಸನೆ ಇದೆಯೇ ಎಂದು ಮೂಸಿ ನೋಡಲು ಹೇಳಿದರು. ಇಳಿದು ಬಾನೆಟ್ ಎತ್ತಿ ಕಡ್ಡಿಯ ತುದಿ ಮೂಸಿದೆ. ಇರಲಿಲ್ಲ. ಬೇಗ ನಿಲ್ಲಿಸಿದ್ದಕ್ಕೆ ಗೇರ್‌ಬಾಕ್ಸ್ ಬದುಕಿಕೊಂಡಿತ್ತು.

ವಾಪಸ್ ಬಂದು ಸೀಟಿನಲ್ಲಿ ಕೂತರೆ ಬಾಮೈದನ ಅಂಗೈ ಇನ್ನೂ ಹಾಗೆಯೇ ಇತ್ತು. ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಮೇಲಿನವರ ಎದುರು ಸುಳ್ಳು ಹೇಳದವನು, ಹೆಂಡತಿಯ ಎದುರು ಹೇಳುವುದೆಂತು? ಬ್ಯಾಟರಿ ಸಡಿಲವಾಗಿತ್ತು ಎಂದಿದ್ದರೆ ನಂಬುತ್ತಿದ್ದಳು. ಟೀ ಅಂಗಡಿಯವರು ಕೇಳಿಸಿಕೊಳ್ಳುತ್ತಿದ್ದರೂ ಜೋರಾಗಿಯೇ ಹೇಳಿದೆ.

“ತಪ್ಪು ಗಾಡೀದಲ್ಲ, ನಂದು. ಮೇಸ್ತ್ರಿ ಹೇಳಿದ್ದನ್ನ ನಾನೇ ಕೇಳಲಿಲ್ಲ. ಮಾರೋದಿದ್ರೆ ನನ್ನ ಮಾರು, ಗಾಡಿ ಕೊಡಲ್ಲ. ಹೌದು, ಕೊಟ್ಟ ಮಾತು ಮುರೀತಾ ಇದೀನಿ. ಏನಾರ ಅನ್ಕೋ.”

“ಅಕ್ಕ, ಕೇಳಿಸ್ಕಂಡ್ಯಾ? ಇಷ್ಟು ವರ್ಷ ಊರಿಗೆಲ್ಲ ರೂಲ್ಸ್ ಹೇಳಿದೋರು ಇವ್ರೇ!”

ಹೆಂಡತಿ ಕಾರಿನಿಂದ ಇಳಿದು ಸುತ್ತಿಕೊಂಡು ನನ್ನ ಕಡೆಗೆ ಬಂದಳು. ತಮ್ಮನ ಅಂಗೈಯನ್ನು ಪಕ್ಕಕ್ಕೆ ತಳ್ಳಿ ತನ್ನದನ್ನು ಚಾಚಿದಳು.

“ಮಾತು ಕೊಟ್ಟಿದ್ದು ನನಗೆ. ಇವನಿಗಲ್ಲ. ಕೊಡ್ರಿ ಇಲ್ಲಿ.”

ಅವಳ ಕೈಗೆ ಇಲ್ಲ ಎನ್ನಲು ನನಗೆ ಆಗಲಿಲ್ಲ. ಇಂಜಿನ್ ಆಫ್ ಮಾಡಿ ಕೀಲಿ ಕೊಟ್ಟೆ. ಅವಳು ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಟೀ ಅಂಗಡಿಯ ಬೆಂಚಿನ ಮೇಲೆ ಕೂತಳು. ಬಾಮೈದ ಆಗಲೇ ದುರ್ಗದವನಿಗೆ ಫೋನು ಹಚ್ಚಿ, ಗಾಡಿ ಸಿಕ್ಕಂತೆಯೇ ಎಂದು ಹೇಳುತ್ತಿದ್ದ. ಗಾಡಿ ಆರುವವರೆಗೆ ಅರ್ಧ ಗಂಟೆ ನಾನೂ ಅವಳ ಪಕ್ಕದಲ್ಲಿ ಕೂತೆ. ಅವಳು ಕೇಳಿದ್ದು ಒಂದೇ ಪ್ರಶ್ನೆ.

“ಮಂಡಿ ನೋಯ್ತೈತಾ?”

“ಇಲ್ಲ. ಇವತ್ತು ಅದಕ್ಕೆ ಕೆಲಸಾನೇ ಇಲ್ಲ.”

“ಆಪರೇಷನ್‌ಗಿಂತ ಮುಂಚೆ ತಳಕಿಗೆ ಬರೋವಷ್ಟೊತ್ತಿಗೆ ಹಲ್ಲು ಕಚ್ತಿದ್ರಿ ನೀವು. ನಾನು ನೋಡ್ತಿದ್ದೆ.” ಸೆರಗಿನ ಗಂಟು ಬಿಚ್ಚಿ ಕೀಲಿಯನ್ನು ನನ್ನ ಕೈಗಿಟ್ಟಳು. “ಇವತ್ತು ಬಾಳೆಹಣ್ಣು ತಿಂದ್ಕಂಡು ಬಂದ್ರಿ. ಎಣ್ಣೆ ಹಾಕ್ರಿ ಹೋಗಾನ. ಅಲ್ಲಿ ಮುದ್ದೆ ಆರೋಗ್ತೈತೆ.”

“ಅಕ್ಕಾ!” ಎಂದ ಬಾಮೈದ, ಫೋನು ಕಿವಿಯಲ್ಲೇ ಇಟ್ಟುಕೊಂಡು.

“ಏನ್ಲಾ? ಗಾಡಿ ಕೆಟ್ರೆ ಅಂತ ಅಂದಿದ್ದೆ ನಾನು. ಕೆಟ್ಟಿದ್ದು ಇವ್ರ ತಲೆ. ಅದು ಎಲ್ಲಾ ಗಾಡಿಯಾಗೂ ಕೂತ್ಕಂಡು ಬರ್ತೈತೆ.”

ಅವನಿಗೆ ಸಿಟ್ಟು ಬಂದು, ಆಗ ಬಂದ ಮೊಳಕಾಲ್ಮೂರಿನ ಬಸ್ಸಿಗೆ ಕೈ ಅಡ್ಡ ಹಾಕಿ ಹತ್ತಿಬಿಟ್ಟ. ನಾನು ಇಂಜಿನ್ ಸ್ಟಾರ್ಟ್ ಮಾಡಿ, ಅದು ಓಡುತ್ತಿರುವಂತೆಯೇ ಬಾಟಲಿಯನ್ನು ಬಗ್ಗಿಸಿದೆ. ಕೈ ಒಪ್ಪಲಿಲ್ಲ, ಆದರೂ ಸುರಿದೆ. ಕಾರು ಏರು ಹತ್ತಿತು. ಹಾನಗಲ್ ತಲುಪುವ ಮುಂಚೆ ನೇರ ದಾರಿಯಲ್ಲಿ ನಾಲ್ಕನೆಯ ಗೇರು ಬಿದ್ದಾಗ ಮುಂದೆ ಅದೇ ಬಸ್ಸು ಕಂಡಿತು. ಇಂಡಿಕೇಟರ್ ಹಾಕಿ, ಹಾರ್ನ್ ಹೊಡೆದು, ಡ್ರೈವರ್ ಕೈ ಬೀಸಿ ದಾರಿ ಬಿಟ್ಟ ಮೇಲೆಯೇ ದಾಟಿದೆ. ಹೆಂಡತಿ ಬಸ್ಸಿನ ಕಿಟಕಿಗಳನ್ನು ಒಂದೊಂದಾಗಿ ಹುಡುಕಿ, ತಮ್ಮ ಕಂಡ ಕೂಡಲೇ ಬಾಳೆಹಣ್ಣಿನ ಚೀಲ ಎತ್ತಿ ತೋರಿಸಿದಳು.

ಬಾಮೈದ ಮೊಳಕಾಲ್ಮೂರಿಗೆ ಬರುವಷ್ಟರಲ್ಲಿ ನಾವು ಕೈ ತೊಳೆದು ಎಲೆಯ ಮುಂದೆ ಕೂತಿದ್ದೆವು. ಊಟ ಮುಗಿಯುವವರೆಗೆ ಅವನು ನನ್ನ ಕಡೆ ನೋಡಲಿಲ್ಲ. ಎಲೆ ಅಡಿಕೆ ಹಾಕಿಕೊಳ್ಳುವಾಗ ಮೆಲ್ಲಗೆ ಹತ್ತಿರ ಬಂದ.

“ಭಾವ, ವಾಪಸ್ ಹೋಗೋವಾಗ ಹಿಂದಿನ ಸೀಟು ಖಾಲಿ ಐತಲ್ಲ?”

“ಐತೆ. ನಾಲ್ಕೂ ಕಾಲಿಗೆ ಹೊರಡ್ತೀನಿ. ಅಷ್ಟರೊಳಗೆ ದುರ್ಗದ ಪಾರ್ಟಿಗೆ ಫೋನ್ ಮಾಡಿ, ಗಾಡಿ ಮಾರಲ್ಲ ಅಂತ ಹೇಳು. ನನ್ನ ಮುಂದೇನೇ ಹೇಳು. ಹೇಳಲಿಲ್ಲಾ ಅಂದ್ರೆ ಸಂಜಿ ಬಸ್ಸು ಐದಕ್ಕೈತೆ.”

ಅವನು ಆ ನೇಕಾರರ ಮನೆಯ ಮಗ್ಗದ ಕೋಣೆಯ ಬಾಗಿಲಲ್ಲಿ ನಿಂತು ಬಹಳ ಹೊತ್ತು ಫೋನು ಉಜ್ಜಿದ. ನಾಲ್ಕೂ ಹತ್ತಕ್ಕೆ ನನ್ನ ಮುಂದೆ ಬಂದು ದುರ್ಗದ ನಂಬರ್ ಒತ್ತಿದ.